ಟೇಪಿನ ಇನ್ನೊಂದು ಬದಿ

ಅಫ್ಲಾವೊದಲ್ಲಿ ನನ್ನ ಹೊಲಿಗೆಯಂಗಡಿ.
ಹೊಸ್ತಿಲಲ್ಲಿ ನಿಂತು ಕತ್ತು ಹೊರಳಿಸಿದರೆ ಗಡಿಯ ಗೇಟು,
ಅದರಾಚೆ ಲೋಮೆ.
ಅಲ್ಲಿ ಹುಂಜ ಕೂಗಿದರೆ ಇಲ್ಲಿ ಎಚ್ಚರ.
ಎರಡೂ ಕಡೆ ಅದೇ ಎವೆ ಮಾತು, ಅದೇ ಮೆಕ್ಕೆಜೋಳದ ಮುದ್ದೆ,
ಸರಕಿನ ಚೀಟಿ ಮಾತ್ರ ಫ್ರೆಂಚಿನಲ್ಲಿ.
ಮೂರು ಸಲ ನನ್ನ ಬಟ್ಟೆಯ ಮೂಟೆ ತಡೆದರು.
ಮೂರನೆಯ ಸಲದ ಅಧಿಕಾರಿ
(ಅವನಜ್ಜಿ ನಮ್ಮ ಬೀದಿಯವಳೇ)
ನನ್ನ ಎವೆಗೆ ಫ್ರೆಂಚಿನಲ್ಲಿ ಉತ್ತರ ಕೊಟ್ಟ.
ಸಮವಸ್ತ್ರ ತೊಟ್ಟವರು
ನಾಲಿಗೆಗೂ ಗುಂಡಿ ಹಾಕಿಕೊಳ್ಳುತ್ತಾರೆ.

ಹೀಗೆ, ನಲವತ್ತೊಂದರಲ್ಲಿ, ಸಂಜೆಯ ತರಗತಿ.
ಮಕ್ಕಳ ಬೆಂಚು; ಹಲಗೆಗೆ ಮೊಣಕಾಲು ತಾಗುತ್ತಿತ್ತು.
ಮೇಷ್ಟ್ರು ಕ್ಪೊಜೊ ಬಡಕಲು ಮನುಷ್ಯ,
ಅವರ ಪ್ಯಾಂಟನ್ನು ಎರಡು ಸಲ ಕಿರಿದು ಮಾಡಿಕೊಟ್ಟವಳು ನಾನೇ.
'ತುಟಿ ಊ ಎನ್ನಲಿ, ನಾಲಿಗೆ ಈ ಎನ್ನಲಿ' ಅಂದರು.
ಹದಿನೇಳು ಜನ, ಸೀಟಿ ಬಾರದವರು
ಸೀಟಿ ಹೊಡೆಯಲು ಹೆಣಗಿದಂತೆ.

ಬರೆದದ್ದರಲ್ಲಿ ಅರ್ಧ ಅಕ್ಷರ ಬಾಯಿ ಬಿಡುವುದಿಲ್ಲ.
ಉಳಿದವರು ತಲೆ ಕೆರೆದುಕೊಂಡರು, ನನಗದು ಬೇಗ ತಿಳಿಯಿತು:
ಅಂಚಿನೊಳಗೆ ಮಡಚಿಟ್ಟ ಬಟ್ಟೆ ಅದು,
ಕಾಣಿಸುವುದಿಲ್ಲ ಅಂತ ಕತ್ತರಿಸಿದರೆ ಲಂಗ ನಿಲ್ಲುವುದಿಲ್ಲ,
ಮುಂದೊಂದು ಸ್ವರ ಬಂದು ನಿಂತರೆ
ಬಿಚ್ಚಿ ಉದ್ದ ಮಾಡಬಹುದು.

ತಿಳಿಯದ್ದು ಬೇರೆ.
ಸೂಜಿ ಹೆಣ್ಣಂತೆ, ದಾರ ಗಂಡಂತೆ, ಇರಲಿ.
ಅಂಗಿ ಹೆಣ್ಣು, ರವಿಕೆ ಗಂಡು!
ಯಾರು ತೊಟ್ಟು ನೋಡಿ ಹೇಳಿದ್ದು ಅಂತ ಕೇಳಿದೆ.
ಮೇಷ್ಟ್ರು ಸೀಮೆಸುಣ್ಣದ ಕೈ ಒರೆಸಿಕೊಂಡು
ಗೋಡೆ ನೋಡಿದರು.

ಹಗಲು ಮೆಷಿನ್ನು ತುಳಿಯುತ್ತ ಕ್ರಿಯಾಪದ ಒಪ್ಪಿಸುತ್ತಿದ್ದೆ,
ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡು.
ಒಂದು ದಿನ ಆ ಹಾಳು ಊ-ಈ
ಸೂಜಿಗಳ ಸಂದಿಯಿಂದ ತಾನೇ ನುಸುಳಿ ಬಂತು.
ಕೆಲಸದ ಹುಡುಗಿ ಸೆಲಾಸಿ
ಇಲಿ ಎಲ್ಲಿ ಅಂತ ಮೇಜಿನ ಕೆಳಗೆ ಬಗ್ಗಿದಳು.

ಆಮೇಲೆ ಆರು ತಿಂಗಳು ಲೋಮೆಯಲ್ಲಿ,
ಬಟ್ಟೆ ವ್ಯಾಪಾರದ ಮದಾಂ ದೆದೆಯ ಮನೆ.
'ಗಿರಾಕಿಗೆ ಫ್ರೆಂಚು, ಬೈಗುಳಕ್ಕೆ ಎವೆ,
ಸಾಲ ಕೇಳಿದರೆ ಕಿವುಡು' ಅಂದಳು.
ಮೊದಲ ದಿನವೇ ಒಬ್ಬಾಕೆಯ ಸೊಂಟ ಅಳೆದು
ಮೂವತ್ತೆರಡು ಇಂಚು ಅಂದೆ. ಅಂಗಡಿಯೆಲ್ಲ ನಕ್ಕಿತು.
ಟೇಪು ಹೊರಳಿಸಬೇಕಂತೆ. ಹೊರಳಿಸಿದೆ. ಎಂಬತ್ತೊಂದು.
ಎಂಬತ್ತಕ್ಕೆ ಇವರಲ್ಲಿ ಹೆಸರಿಲ್ಲ,
ನಾಲ್ಕಿಪ್ಪತ್ತು ಅನ್ನುತ್ತಾರೆ;
ಅದೇ ಹೆಂಗಸು, ಅದೇ ಸೊಂಟ.

ರಾತ್ರಿ ದೆದೆಯ ಮೊಮ್ಮಗಳು ಎಲೊಮ್,
ಎಂಟು ವರ್ಷದವಳು, ನನಗೆ ಉಕ್ತಲೇಖನ ಕೊಡುವಳು.
ಕೆಂಪು ಪೆನ್ಸಿಲ್ಲು. ಇಪ್ಪತ್ತಕ್ಕೆ ನಾಲ್ಕು.
'ನಮ್ಮ ತರಗತಿಯಲ್ಲಾದರೆ ನಿನ್ನ ಅಮ್ಮನನ್ನು ಕರೆಸುತ್ತಿದ್ದರು.'
ಬಾಗಿಲಲ್ಲಿ ಕೂತಿದ್ದ ದೆದೆಯ ಕೈ
ತನ್ನಷ್ಟಕ್ಕೆ ಕೊರಳಿಗೆ ಹೋಯಿತು.
ಅವಳ ಕಾಲದ ಶಾಲೆಯಲ್ಲಿ ಎವೆ ಆಡಿದವರಿಗೆ
ದಾರ ಕಟ್ಟಿದ ಬಸವನಹುಳದ ಚಿಪ್ಪು,
ಮುಂದಿನ ತಪ್ಪಿತಸ್ಥ ಸಿಗುವ ತನಕ.
ಬೇಗ ಕಳಚಲೆಂದು ತಂಗಿಯನ್ನೇ ಮಾತಿಗೆಳೆದಳಂತೆ ಒಮ್ಮೆ.
ಇಷ್ಟನ್ನೂ ಫ್ರೆಂಚಿನಲ್ಲೇ ಹೇಳಿದಳು,
ಒಂದೂ ತಪ್ಪಿಲ್ಲದೆ.

ನಮ್ಮ ಕಡೆಯೂ ಇತ್ತು, ಇಂಗ್ಲಿಷಿಗೆ, ಬೆತ್ತ.
ಹೇಳಬೇಕೆನಿಸಿತು. ಆದರೆ
ಬೆತ್ತ ಗಂಡೋ ಹೆಣ್ಣೋ ಹುಡುಕುತ್ತಿರುವಾಗಲೇ
ಮುದುಕಿ ಎದ್ದು ದೀಪ ಆರಿಸಿದಳು.

ಊರಿಗೆ ಮರಳುವಾಗ ಗೇಟಿನಲ್ಲಿ ಅದೇ ಅಧಿಕಾರಿ.
ಮೂಟೆಯ ವಿವರವನ್ನೆಲ್ಲ ಫ್ರೆಂಚಿನಲ್ಲಿ ಒಪ್ಪಿಸಿದೆ,
ರವಿಕೆಗಳನ್ನು ಗಂಡಾಗಿಸಿ, ಅಂಗಿಗಳನ್ನು ಹೆಣ್ಣಾಗಿಸಿ.
ತಲೆ ಎತ್ತಲಿಲ್ಲ ಅವನು. ಮುದ್ರೆ ಬಿತ್ತು.
ಅಷ್ಟೇ.

ನಿನ್ನೆ ಸೋದರತ್ತೆ ಬಂದಿದ್ದಳು, ಹಬ್ಬದ ಉಡುಪಿಗೆ.
ಟೇಪು ಸುತ್ತಿದೆ, ಬಾಯಿಂದ ಜಾರಿತು:
'ಕಾತ್ರ್-ವ್ಯಾಂ-ಸೆಟ್.'
'ಹಾಗಂದರೆ?'
'ನಾಲ್ಕಿಪ್ಪತ್ತು ಮತ್ತೇಳು, ಅತ್ತೆ.'
ಅವಳು ಬೆರಳು ಮಡಿಸಿ ಎಣಿಸಿ, ಗಾಬರಿಯಾಗಿ,
'ಉಸಿರು ಬಿಟ್ಟು ನಿಲ್ಲುತ್ತೇನೆ, ತಡಿ,
ಇನ್ನೊಂದು ಸಲ ಅಳಿ' ಅಂದಳು.