ಒಂದು ಉದ್ದ ಸೀಟಿ

ಎರಡು ಗಿಡ್ಡ ಊದಿದರೆ ಹೊರಡು,
ಒಂದು ಉದ್ದ ಊದಿದರೆ ನಿಲ್ಲು.
ಇಪ್ಪತ್ತೆರಡು ವರ್ಷ ಈ ಬಾಯಿಗೆ
ಇದಕ್ಕಿಂತ ಹೆಚ್ಚಿನ ವ್ಯಾಕರಣ ಬೇಕಾಗಿರಲಿಲ್ಲ.

ಬನಶಂಕರಿಯಿಂದ ಮೆಜೆಸ್ಟಿಕ್ಕು, ಮೆಜೆಸ್ಟಿಕ್ಕಿನಿಂದ ವಾಪಸು.
ಲಾಲ್‌ಬಾಗಿನ ಗೋಡೆ ಬಂದಾಗ
ಕಿಟಕಿ ಪಕ್ಕದವರಿಗೆಲ್ಲ ಒಂದಿಷ್ಟು ತಂಪು;
ನನಗೆ ಮಾತ್ರ ಅಲ್ಲೇ ಶುರು:
ಎದೆಗುಂಡಿಯಲ್ಲಿ ಹತ್ತಿದ ಕಾವು
ಕತ್ತು ದಾಟಿ, ಕಿವಿ ದಾಟಿ
ನೆತ್ತಿಯಲ್ಲಿ ಇಳಿಯುತ್ತದೆ, ಟಿಕೆಟ್ಟೂ ತಗೊಳ್ಳದೆ.
ಖಾಕಿ ಅಂಗಿ ಬೆನ್ನಿಗಂಟುತ್ತದೆ,
ಚಿಲ್ಲರೆ ಎಣಿಸುವ ಬೆರಳು ನಡುಗಿ
ಹತ್ತರ ನಾಣ್ಯ ಸೀಟಿನಡಿ ಉರುಳುತ್ತದೆ.
"ಯಾಕ್ ಮೇಡಂ, ಬಿ.ಪಿ.ನಾ?"

ಒಳಗೆ ಯಾರೋ ಕೂತು
ಎರಡು ಗಿಡ್ಡ, ಎರಡು ಗಿಡ್ಡ, ಎರಡು ಗಿಡ್ಡ
ಊದುತ್ತಲೇ ಇದ್ದಾರೆ.
ಬಾಗಿಲಲ್ಲಿ ಇನ್ನೂ ಜನ ಜೋತಾಡುತ್ತಿದ್ದಾರೆ,
ಬಸ್ಸು ಹೊರಟೇಬಿಟ್ಟಿದೆ.

ರಾತ್ರಿ ಮೂರಕ್ಕೂ ಅದೇ.
ಕತ್ರಿಗುಪ್ಪೆಯ ಒಂದನೇ ಮಹಡಿಯಲ್ಲಿ
ನೀರಿನ ಟ್ಯಾಂಕರು ರಿವರ್ಸ್ ಬರುವ ಸದ್ದಿಗೆ
ಕಳ್ಳ ನುಗ್ಗಿದ ಹಾಗೆ ಎದ್ದು ಕೂರುತ್ತೇನೆ.
ಕಳ್ಳ ಇಲ್ಲ. ಗಂಡ ಇದ್ದಾನೆ, ಗೊರಕೆ ಇದೆ,
ಪಿಯುಸಿ ಗೈಡಿನ ಮೇಲೆ ಕೆನ್ನೆಯಿಟ್ಟು ಮಗಳು ಇದ್ದಾಳೆ.
ಎದೆಯೊಂದು ಮಾತ್ರ ಲೆಕ್ಕ ತಪ್ಪಿದ ಕಲೆಕ್ಷನ್ನಿನಂತೆ
ಮೊದಲಿಂದ, ಮತ್ತೆ ಮೊದಲಿಂದ.

ಆಗ ನೆನಪಾಗುತ್ತಾಳೆ ಅವ್ವ.
ಕಾಟನ್‌ಪೇಟೆಯ ವಠಾರದಲ್ಲಿ ಊದುಬತ್ತಿ ಹೊಸೆಯುತ್ತಿದ್ದವಳು
ಸರಿರಾತ್ರಿ ನಲ್ಲಿಯ ಕೆಳಗೆ ಕೂತು
ನೆತ್ತಿಗೆ ಚೊಂಬು ಚೊಂಬು ನೀರು ಸುರಿದುಕೊಂಡಳು.
ಮೈ ಉರಿ, ಅಂದಳು. ತಲೆ ಕೆಟ್ಟಿದೆ, ಅಂದರು.
ಅಪ್ಪ ತಾಯತ ಕಟ್ಟಿಸಿದ.
ನರ ಅಂದರೆ ಗಂಡಸು ಎಂದೇ ಓದಿಸಿದ ಊರಿನಲ್ಲಿ
ಹೆಂಗಸೊಬ್ಬಳ ಮೈತುಂಬ ಇರುವುದು ನರವೇ ಎಂದು
ಯಾರಿಗೆ ಹೊಳೆಯಬೇಕಿತ್ತು?

ಮೂರು ಕಡೆ "ಟೆನ್ಷನ್ ತಗೋಬೇಡಿ" ಅಂದಮೇಲೆ
ಜಯನಗರದ ಆಸ್ಪತ್ರೆಯಲ್ಲಿ ಡಾಕ್ಟರು ತಹಸೀನ್
ಇ.ಸಿ.ಜಿ. ಕಾಗದ ಉದ್ದಕ್ಕೆ ಹಿಡಿದು
(ನನಗದು ಟಿಕೆಟ್ ರೋಲಿನ ಹಾಗೇ ಕಂಡಿತು)
ಹೃದಯ ಚೆನ್ನಾಗಿದೆ, ಅಂದರು.
"ಮುಟ್ಟು ನಿಲ್ಲೋ ಕಾಲ. ಹಾರ್ಮೋನು ಒಂದಿನ ಬರುತ್ತೆ,
ನಾಕು ದಿನ ನಾಪತ್ತೆ.
ಮಿದುಳಲ್ಲಿ ಸೆಕೆ ಚಳಿ ನೋಡೋನು ಒಬ್ಬ ಇದ್ದಾನೆ,
ಅವನಿಗೆ ಗಾಬರಿ. ನೀವು ಸುಳ್ಳು ಹೇಳ್ತಿಲ್ಲ."
ಕೊನೆಯ ಮೂರು ಪದಕ್ಕೆ ನನ್ನ ಕಣ್ಣು ತುಂಬಿತು, ಯಾಕೋ.

ಥೈರಾಯ್ಡ್ ನೋಡೋಣ, ಮಾತ್ರೆಯ ವಿಷಯ ಆಮೇಲೆ,
ಅಷ್ಟರವರೆಗೆ ಉಸಿರು ಎಳೆಯೋದಕ್ಕಿಂತ
ಬಿಡೋದು ಉದ್ದ ಇರಲಿ.
ಮಿದುಳಿನ ಬುಡದಿಂದ ಗಂಟಲು, ಎದೆ, ಹೊಟ್ಟೆಗೆ
ಇಳಿಯೋ ನರಕ್ಕೆ ಆ ಮಾತು ತಿಳಿಯುತ್ತೆ.

ನಕ್ಕುಬಿಟ್ಟೆ.
ಒಂದು ಉದ್ದ. ನಿಲ್ಲು.
ಇಷ್ಟು ವರ್ಷ ಊದಿದ್ದೆಲ್ಲ ಬಸ್ಸಿಗೇ ಆಯಿತಲ್ಲ.

ಹಾಗಂತ ಪ್ರತಿ ಸಲ ಕೇಳುವುದಿಲ್ಲ.
ಮೈಯೂ ನಮ್ಮ ಡ್ರೈವರ್ ಇನಾಯತ್ ಥರ,
ಇಳಿಜಾರು ಸಿಕ್ಕರೆ ಕಿವುಡು.
ಮತ್ತೆ, ಲಾಸ್ಟ್ ಸ್ಟಾಪಿನಲ್ಲಿ ಹೆಂಗಸರ ಶೌಚಾಲಯಕ್ಕೆ
ಬಿದ್ದಿರುವ ಬೀಗ
ಯಾವ ಉಸಿರಿಗೂ ತೆಗೆದುಕೊಳ್ಳುವುದಿಲ್ಲ.

ನಿನ್ನೆ, ಡಿಸೆಂಬರಿನ ಬೆಳಗ್ಗೆ, ಮಿನರ್ವ ದಾಟಿದ ಮೇಲೆ
ಎರಡನೇ ಸೀಟಿನಾಕೆ, ಮಡಿಲಲ್ಲಿ ಫೈಲು,
ಸೊನ್ನೆ ರೂಪಾಯಿ ಟಿಕೆಟ್ಟಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದಳು.
ಮೇಲ್ದುಟಿಯಲ್ಲಿ ಬೆವರ ಸಾಲು.
ಕಿಟಕಿ ತೆಗೆದರೆ ಹಿಂದಿನವರು ಬೈತಾರೆ, ಅಂದಳು,
ಕ್ಷಮೆ ಕೇಳುವ ದನಿಯಲ್ಲಿ.

ಸ್ಟಾಪು ಇರಲಿಲ್ಲ. ಊದಿದೆ.
ಬಸ್ಸು ಎಡಕ್ಕೆ ಸರಿದು ನಿಂತಿತು.
"ಯಾರಮ್ಮಾ ಇಳಿಯೋದು?" ಕನ್ನಡಿಯಲ್ಲಿ ಇನಾಯತ್‌ನ ಹುಬ್ಬು.
ಯಾರೂ ಇಲ್ಲ, ಸ್ವಲ್ಪ ಇರಿ.
ಹಿಂದೆ ಹಾರನ್ನುಗಳು.
ಗಾಜು ಸರಿಸಿ ಕೊಟ್ಟೆ. ಆಕೆ ಹೊರಗೆ ಮುಖವಿಟ್ಟು
ಬಾಯಿ ತೆರೆದು ಬಿಟ್ಟಳು ಉಸಿರು,
ಉದ್ದಕ್ಕೆ, ಬೆಳ್ಳಗೆ, ಚಳಿಯಲ್ಲಿ ಕಾಣುವಷ್ಟು.
ನಾನೂ ಬಿಟ್ಟೆ.

ಸೀಟಿ ತುಟಿಯಲ್ಲೇ ಇತ್ತು.
ಎರಡು ಗಿಡ್ಡ ಊದುವುದು
ಒಂದು ಗಳಿಗೆ ಮರೆತೇಹೋಗಿತ್ತು.