ಬಕೆಟ್ಟಿನ ಭಾರ

ಎಸ್ಟೋನಿಯಾದ ಹಾಪ್ಸಾಲು. ಮೀನಂಗಡಿಯ ಮೇಲ್ಮಹಡಿ.
ಜನವರಿ; ಮಧ್ಯಾಹ್ನ ಮೂರೂವರೆಗೇ ದೀಪ ಹಾಕಬೇಕು.
ಉರ್ವೆ ಹೀಟರನ್ನು ಮೊಣಕಾಲ ಹತ್ತಿರ ಎಳೆದುಕೊಂಡು
ಗಾಜಿನ ಹಲಗೆಯ ಮೇಲೆ ಒಬ್ಬ ಮನುಷ್ಯನಿಗೆ
ಬಕೆಟ್ಟು ಎತ್ತುವುದನ್ನು ಕಲಿಸುತ್ತಿದ್ದಾಳೆ.

ಹನ್ನೆರಡೇ ಸೆಕೆಂಡಿನ ಸಿನಿಮಾ.
ಸೆಕೆಂಡಿಗೆ ಹನ್ನೆರಡು ಚಿತ್ರ, ಒಂದೊಂದೂ
ಎರಡು ಚೌಕಟ್ಟಿನಷ್ಟು ಹೊತ್ತು ಉಸಿರು ಹಿಡಿದು ನಿಂತು
ಮುಂದಿನದಕ್ಕೆ ಜಾಗ ಬಿಡುತ್ತದೆ.
ಒಟ್ಟು ನೂರ ನಲವತ್ತನಾಲ್ಕು.
ನೋಡುವವರಿಗೆ ಒಂದು ಆಕಳಿಕೆಯಷ್ಟು.
ಅವಳ ಬೆನ್ನಿಗೆ ಮೂರು ತಿಂಗಳು.

ಮೊದಲು ತುದಿಗಳು: ಬಗ್ಗಿದ್ದು ಒಂದು,
ಎತ್ತಿ ನಿಂತದ್ದು ಇನ್ನೊಂದು.
ಆಮೇಲೆ ಈರುಳ್ಳಿ ಸಿಪ್ಪೆ
(ಈ ಕಸುಬಿನವರು ಹಾಗೆಂದೇ ಕರೆಯುತ್ತಾರೆ):
ಹಿಂದಿನ ಚಿತ್ರ ಕೆಂಪಗೆ, ಮುಂದಿನದು ಹಸಿರಾಗಿ
ಅಡಿಯಿಂದ ತೆಳ್ಳಗೆ ಕಾಣುತ್ತವೆ.
ನಿನ್ನೆ ನಾಳೆಗಳ ನಡುವೆ
ಪೆನ್ನು ಇವತ್ತನ್ನು ತಡಕುತ್ತದೆ.
ಕಣ್ಣಲ್ಲಿ ನೀರು ಬರುವುದು ಮಾತ್ರ ನಿಜದ ಈರುಳ್ಳಿಯ ಹಾಗೆಯೇ.

ಆದರೆ ಬಕೆಟ್ಟು ತೂಗಲೊಲ್ಲದು.
ಹತ್ತಿ ತುಂಬಿದಂತೆ ಸುಮ್ಮನೆ ಮೇಲೆ ಬರುತ್ತದೆ.
ಅಂಚಿನವರೆಗೂ ಮೀನು ಬರೆದಳು,
ಒಂದೊಂದಕ್ಕೂ ಕಣ್ಣಿಟ್ಟಳು.
ಊಹೂಂ.

ಕೆಳಗಿಳಿದು ಕಾಲ್ಯುವನ್ನು ಕೇಳಿದಳು.
ಕಾಲ್ಯು ಎಂದರೆ ಅವರ ನುಡಿಯಲ್ಲಿ ಬಂಡೆ.
ನಮ್ಮ ಕಿವಿಗೆ ಕಾಲು ಕೇಳಿಸುತ್ತದೆ. ಇರಲಿ.
'ಒಂದು ಸಲ ಎತ್ತಿಕೊಂಡು ನಡಿ, ಫೋನಿನಲ್ಲಿ ಹಿಡಿಯುತ್ತೇನೆ.'
ಖಾಲಿ ಬಕೆಟ್ಟು ಎತ್ತಿ ತುಂಬಿದಂತೆ ನಟಿಸಿದ.
ಹಲ್ಲು ಕಚ್ಚಿದ, ಹುಬ್ಬು ಗಂಟಿಕ್ಕಿದ;
ಭುಜ ಒಪ್ಪಲಿಲ್ಲ.
'ತಾಳು, ನಿಜವಾದದ್ದೇ ಎತ್ತುತ್ತೇನೆ.
ಇಲ್ಲದ್ದನ್ನು ಎತ್ತುವುದು ಭಾರೀ ಕಷ್ಟ ಮಾರಾಯ್ತಿ.'
ಹದಿನೆಂಟು ಕಿಲೋ ಹೆರಿಂಗು.

ರಾತ್ರಿಯಿಡೀ ಬೆರಳಲ್ಲಿ ಚೂರು ಚೂರೇ ಸರಿಸಿ ನೋಡಿದಳು.
ಮೇಲೇಳುವ ಮೊದಲು ಮನುಷ್ಯ
ಇನ್ನಷ್ಟು ಕೆಳಗೆ ಹೋಗುತ್ತಾನೆ.
ಮೊದಲು ಸೊಂಟ, ಆಮೇಲೆ ಭುಜ,
ತೋಳು ಹಗ್ಗದಂತೆ ಬಿಗಿದ ಮೇಲೂ
ಮೂರು ಚಿತ್ರಗಳ ಕಾಲ ಬಕೆಟ್ಟು ನೆಲ ಬಿಡುವುದಿಲ್ಲ.
ಹದಿನೆಂಟು ಕಿಲೋ ಇರುವುದು ಆ ಮೂರರಲ್ಲಿ.

ಹತ್ತೊಂಬತ್ತು ಅಳಿಸಿದಳು. ಮತ್ತೆ ಬರೆದಳು.
ಮೇಲೊಂದು ಪದರ ಹಾಸಿ, ಗೀಚಿನ ಪೊದೆಯಿಂದ
ಒಂದೇ ಒಂದು ಗೆರೆಯನ್ನು ಹೆಕ್ಕಿದಳು,
ಅಕ್ಕಿಯಲ್ಲಿ ಕಲ್ಲು ಆರಿಸುವಂತೆ. ಅಲ್ಲ,
ಕಲ್ಲಿನಲ್ಲಿ ಅಕ್ಕಿ.
ಏಪ್ರನ್ನಿಗೆ ಹಳದಿ ಸುರಿದರೆ
ಗೆರೆಯ ಕೂದಲೆಳೆ ಬಿರುಕಿನಿಂದ ಸೋರಿ
ಗೋಡೆ, ಆಕಾಶ, ಸಮುದ್ರ ಎಲ್ಲ ಹಳದಿ.
ಬಿರುಕು ಹುಡುಕಿ ಮುಚ್ಚುವುದರಲ್ಲಿ ಒಂದು ಭಾನುವಾರ ಹೋಯಿತು.
ಬಕೆಟ್ಟಿನ ಹಿಡಿಯ ಕಿರುಗುಟ್ಟಿಗೆ
ಬಚ್ಚಲ ಬಾಗಿಲನ್ನು ರೆಕಾರ್ಡು ಮಾಡಿಕೊಂಡಳು.

ಮಾರ್ಚಿನಲ್ಲಿ ಕಾಲ್ಯು ಮೇಲೆ ಬಂದ.
ಮೈಯೆಲ್ಲ ಮೀನು ವಾಸನೆ, ಕೂರಲಿಲ್ಲ.
ನೋಡಿದ. ಇನ್ನೊಮ್ಮೆ ಅಂದ. ಇನ್ನೊಮ್ಮೆ.
'ತೂಕ ಇದೆ. ಆದರೆ ಇವನ್ಯಾರು?'
'ನೀನೇ.'
'ನಾನು ಎಡಗಾಲು ಎಳೆಯುತ್ತೇನಲ್ಲ,
ಇಪ್ಪತ್ತು ವರ್ಷವಾಯಿತು, ಊರಿಗೇ ಗೊತ್ತು.
ಇವನು ಎಳೆಯುತ್ತಿಲ್ಲ.'
ಬೇಸರವೇನೂ ಇಲ್ಲ ದನಿಯಲ್ಲಿ,
ತಪ್ಪು ಚಿಲ್ಲರೆ ವಾಪಸು ಕೊಡುವವನಂತೆ ಹೇಳಿ
ಮೆಟ್ಟಿಲಿಳಿದ.

ಅವಳು ಗೀಚಿನ ಪದರದ ಮುಚ್ಚಿದ ಕಣ್ಣು ತೆರೆದಳು.
ಇತ್ತು.
ತೊಂಬತ್ತೇಳನೆಯ ಚಿತ್ರದಲ್ಲಿ ಪಾದ ಹಿಂದೆ ಉಳಿದಿತ್ತು,
ತೊಂಬತ್ತೆಂಟರಲ್ಲೂ.
ಕೈ ಕಂಡಿದ್ದನ್ನು ಕೈತಪ್ಪು ಎಂದುಕೊಂಡು
ತಾನೇ ಕೂತು ನೆಟ್ಟಗೆ ಮಾಡಿದ್ದಳು.

ಮತ್ತೆ ಹೀಟರು, ಮತ್ತೆ ಕೆಂಪು ಹಸಿರು ಸಿಪ್ಪೆ.
ಅಲ್ಲಿಂದ ಕೊನೆಯವರೆಗೆ ನಲವತ್ತೆಂಟು ಚಿತ್ರ.
ಬೆಳಿಗ್ಗೆ ಏಳಕ್ಕೆ ಮೈಕು ಹಿಡಿದು
ಮೆಟ್ಟಿಲ ತಲೆಯಲ್ಲಿ ಕಾದು ನಿಂತಿದ್ದಾಳೆ.
ಅವನು ಐಸಿನ ಪೆಟ್ಟಿಗೆ ಹೊತ್ತು ಹತ್ತುತ್ತಾನೆ:
ಧಡ್,
ಎರಡು ಚೌಕಟ್ಟಿನಷ್ಟು ಏನೂ ಇಲ್ಲ,
ಸರ್‍ರ್.