ಕೈ ಕೊಟ್ಟವನು

ನಾನು ಎಡಬದಿಯವನು.
ಕಂಬಿಯ ತುದಿಗೆ ಎರಡು ಬೆರಳಗಲ ಕೆಳಗೆ
ಅಂಗೈ ತೆರೆದು, ಮುಟ್ಟದೆ,
ಅವಳು ಕೂತರೆ ಕೂತು, ಎದ್ದರೆ ಎದ್ದು
ಜೊತೆಗಿರುವುದು. ಅಷ್ಟೇ ಕೆಲಸ.
ಯಾವ ಪಟ್ಟಿಯಲ್ಲೂ ಹೆಸರು ಬರುವುದಿಲ್ಲ.

ಐವೋ ಬಂದರಿನ ಪಕ್ಕ ನಮ್ಮ ತಗಡಿನ ಶೆಡ್ಡು.
ಅದರ ಹಿಂದೆ ಕಡಲಿಗೆ ಬಾಗಿದ ತುಕ್ಕಿನ ತೋಳು:
ಅಜ್ಜಂದಿರ ಕಾಲದಲ್ಲಿ ಅದು ಈ ನೌರುವನ್ನೇ
ಎತ್ತಿ ಎತ್ತಿ ಹಡಗಿಗೆ ಸುರಿಯಿತು.
ಬಿಳಿ ಮಣ್ಣು ಹೋಯಿತು, ಯಾರದೋ ಗೋಧಿಗೆ ಗೊಬ್ಬರವಾಗಿ;
ನಡುದ್ವೀಪದಲ್ಲಿ ಉಳಿದದ್ದು
ಮುದುಕನ ಬಾಯಂತೆ ಅಲ್ಲೊಂದು ಇಲ್ಲೊಂದು ಸುಣ್ಣಗಲ್ಲು.
ಈಗ ಅದೇ ನೀರದಾರಿಯಲ್ಲಿ ಡಬ್ಬಿ ಡಬ್ಬಿಯಾಗಿ ಬರುತ್ತದೆ
ಅಂಗೈಗೆ ಹಚ್ಚುವ ಬಿಳಿ ಪುಡಿ.
ಚಿಟಿಕೆಯಲ್ಲಿ ಹಂಚಿಕೊಳ್ಳುತ್ತೇವೆ.
ಮುದಿಯ ತೆಬಾನೊ ಲೆಕ್ಕ ಇಡುತ್ತಾನೆ,
ಇಡದಿದ್ದಂತೆ ನಟಿಸುತ್ತಾನೆ.

ಐಗೋಡಾಳ ಮನೆಯಲ್ಲಿ ಸಕ್ಕರೆ ಕಾಯಿಲೆ
ಮೂವರ ಕಾಲು ತಿಂದಿದೆ.
ಅದಕ್ಕೇ ಅವಳು ತನ್ನೆರಡು ಕಾಲಿಗೆ
ದಿನಾ ಸಂಜೆ ಭಾರ ಕಲಿಸುತ್ತಾಳೆ.
ಕರೆಂಟು ಹೋದ ದಿನ ದೆಮೌನಾನ ಬೈಕಿನ ದೀಪದಲ್ಲಿ.
ಬಾಗಿದ ಕಂಬಿ ಒಂದೇ. ಹದಿಮೂರು ಜನ.

ಸ್ಪರ್ಧೆಯ ದಿನ, ಮೂರನೆಯ ಸಲ,
ನೂರ ಎಪ್ಪತ್ತೈದು ಹೆಗಲಿಗೇರಿತು.
ಇಳಿದಳು. ತೊಡೆ ಮಟ್ಟ ದಾಟಿತು.
ಏಳುವಾಗ ಅರ್ಧದಲ್ಲಿ ನಿಂತಿತು.

ನಿಂತಿರಲಿಲ್ಲ.
ಆಮೇಲೆ ವೀಡಿಯೊವನ್ನು ಎಷ್ಟೋ ಸಲ ನೋಡಿದೆ:
ಕೂದಲೆಳೆ ಕೂದಲೆಳೆಯಾಗಿ
ಕಂಬಿ ಏರುತ್ತಲೇ ಇತ್ತು.
ಆದರೆ ಆ ಗಳಿಗೆ ನನ್ನ ಕಣ್ಣಿಗೆ ಬಿದ್ದದ್ದು
ಅವಳಪ್ಪ ಗಾಲಿಕುರ್ಚಿಯಿಂದ ಜಾರಿದ ಸಂಜೆ,
ನಾನು ಬಾಗಿಲಲ್ಲಿ ಸುಮ್ಮನೆ ನಿಂತಿದ್ದದ್ದು.

ಎರಡು ಬೆರಳು. ಬರೀ ಎರಡು ಬೆರಳು.

ಕಬ್ಬಿಣ ಹಗುರಾದದ್ದು
ಮೊದಲು ಅವಳಿಗೇ ಗೊತ್ತಾಯಿತು,
ಕೆಂಪು ದೀಪಗಳಿಗೆ ಆಮೇಲೆ.
ಇನ್ನೊಮ್ಮೆ ಎತ್ತಬಹುದು, ತಪ್ಪು ನಿನ್ನದಲ್ಲ, ಎಂದರು ತೀರ್ಪುಗಾರರು.
ತನ್ನ ಕಾಲುಗಳನ್ನು ಕೇಳುವಂತೆ ನೋಡಿಕೊಂಡಳು;
ನಡುಗುತ್ತಿದ್ದವು. ಬೇಡ ಎಂದು ತಲೆಯಾಡಿಸಿದಳು.

ಕೈ ಕೊಡುವುದಕ್ಕೆ ಎರಡು ಅರ್ಥ.
ಎರಡನ್ನೂ ನಾನು
ಒಂದೇ ಉಸಿರಲ್ಲಿ ಮಾಡಿ ಮುಗಿಸಿದ್ದೆ.

ಹನ್ನೊಂದು ದಿನ ಶೆಡ್ಡಿನತ್ತ ಸುಳಿಯಲಿಲ್ಲ.
ಯಾರೂ ಬೈಯಲಿಲ್ಲ, ಅದೇ ಕಷ್ಟ.
ಹೊಸ್ತಿಲಲ್ಲಿ ಒಂದು ಬೆಳಗ್ಗೆ ಎಲೆಯಲ್ಲಿ ಸುತ್ತಿದ ಮೀನು,
ಇನ್ನೊಂದು ಬೆಳಗ್ಗೆ ನನ್ನದೇ ಹಳೆಯ ಟವೆಲು, ಒಗೆದದ್ದು.
ಓಡಿಹೋಗೋಣವೆಂದರೆ
ಈ ದ್ವೀಪಕ್ಕಿರುವುದು ಒಂದೇ ದೊಡ್ಡ ರಸ್ತೆ, ಅದೂ ಗುಂಡಗೆ;
ಹೇಗೆ ಹೊರಟರೂ ತಂದು ಬಿಡುತ್ತದೆ
ಅದೇ ತಗಡಿನ ಬಾಗಿಲಿಗೆ.

ಒಳಗೆ ತೆಬಾನೊ ಪೊರಕೆ ಹಿಡಿದಿದ್ದ.
ಮುಖ ಎತ್ತದೆ, "ಎಡಬದಿ ಖಾಲಿ ಇದೆ" ಅಂದ.
ಬಲಬದಿಯ ದೆಮೌನಾ ಆಕಳಿಸಿದ.
ಐಗೋಡಾ ಮಂಡಿಗೆ ಪಟ್ಟಿ ಸುತ್ತುತ್ತಿದ್ದಳು, ಬಿಗಿಯಾಗಿ, ಹಲ್ಲು ಕಚ್ಚಿ.
"ನಿನ್ನ ಎರಡು ಬೆರಳು
ಎಷ್ಟು ಕಿಲೋ ತೂಗಿದ್ದವು, ನೆನಪಿದೆಯಾ?"
ನಾನು ನೆಲ ನೋಡಿದೆ.
"ಅಷ್ಟನ್ನೂ ಸೇರಿಸು ಇವತ್ತು."

ಆ ಕಡೆಗೊಂದು ಈ ಕಡೆಗೊಂದು
ಎಲ್ಲಕ್ಕಿಂತ ಚಿಕ್ಕ ಬಿಲ್ಲೆ ಏರಿಸಿದೆ,
ಬಿಸ್ಕತ್ತಿನಷ್ಟು.
ಯಾರೋ ನಕ್ಕರು. ಅವಳು ನಗಲಿಲ್ಲ.
ಕಂಬಿಯ ಕೆಳಗೆ ಹೊಕ್ಕಳು.

ಇಳಿದಿದ್ದಾಳೆ.
ಏಳುತ್ತಿದ್ದಾಳೆ.
ಅರ್ಧದಲ್ಲಿ, ಅದೇ ಅರ್ಧದಲ್ಲಿ,
ಕಂಬಿ ನಿಂತಂತಿದೆ.

ಎರಡು ಬೆರಳಗಲ ಕೆಳಗೆ
ನನ್ನ ಅಂಗೈಯ ಬಿಳಿ ಪುಡಿ
ಬೆವರಿಗೆ ಕರಗಿ
ಮೊಣಕೈಯತ್ತ ಹರಿಯುತ್ತಿದೆ.